ಅಲ್ಪಾವಧಿ ಚರ್ಚ್ ನಿರ್ಮಾಣ ಸೇವೆ

ಒಂದು ದೇಶದ ಕ್ರೈಸ್ತ ಸಭೆಯವರು ಗುಂಪು ಕಟ್ಟಿಕೊಂಡು ಇನ್ನೊಂದು ದೇಶಕ್ಕೆ ಹೋಗಿ, ಅಲ್ಲಿನ ಸಭೆಗೆ ಪ್ರಾರ್ಥನಾ ಮಂದಿರವನ್ನೋ ಅದಕ್ಕೆ ಹೊಂದಿಕೊಂಡ ಶಾಲೆ, ಪಾದ್ರಿಮನೆ, ದವಾಖಾನೆಗಳನ್ನೋ ಕಟ್ಟಲು ಕೂಲಿಯಿಲ್ಲದೆ ದುಡಿದು ಮರಳುವ ಪದ್ಧತಿ. ಕೆಲವು ಸಂಸ್ಥೆಗಳು ಒಂದೆರಡು ವರ್ಷದ ಸೇವೆಯನ್ನೂ ಅಲ್ಪಾವಧಿಯ ಲೆಕ್ಕಕ್ಕೇ ಹಾಕುತ್ತವೆ. ಆದರೆ ಕಟ್ಟಡದ ಕೆಲಸಕ್ಕೆ ಹೋಗುವವರಲ್ಲಿ ಹೆಚ್ಚಿನವರು ಒಂದು ವಾರಕ್ಕೋ ಎರಡು ವಾರಕ್ಕೋ ಊರು ಬಿಡುವವರು. ಕಚೇರಿಯ ವಾರ್ಷಿಕ ರಜೆ, ಶಾಲೆಯ ಬೇಸಿಗೆ ರಜೆ ಎಷ್ಟಿದೆಯೋ ಅಷ್ಟು. ವಿಮಾನದ ಟಿಕೆಟ್ಟು, ಊಟ, ವಸತಿಗಳನ್ನು ಅವರೇ ನೋಡಿಕೊಳ್ಳುತ್ತಾರೆ. ಬಹಳಷ್ಟು ಕಡೆ ಸಿಮೆಂಟು, ಕಬ್ಬಿಣಕ್ಕೂ ತಲಾ ಇಷ್ಟೆಂದು ವಂತಿಗೆ ಕೊಡುತ್ತಾರೆ.

ಈ ಪದ್ಧತಿಯ ತವರು ಅಮೆರಿಕ ಸಂಯುಕ್ತ ಸಂಸ್ಥಾನ. ಕೆನಡಾ ಮತ್ತು ದಕ್ಷಿಣ ಕೊರಿಯಾದ ಸಭೆಗಳಿಂದಲೂ ದೊಡ್ಡ ಸಂಖ್ಯೆಯಲ್ಲಿ ಜನ ಹೋಗುತ್ತಾರೆ. ಮೆಕ್ಸಿಕೊ, ಗ್ವಾಟೆಮಾಲಾ, ಹೊಂಡುರಾಸ್, ಡೊಮಿನಿಕನ್ ರಿಪಬ್ಲಿಕ್, ಪೆರು, ಕೀನ್ಯಾ, ಫಿಲಿಪ್ಪೀನ್ಸ್ ಇವರು ಹೆಚ್ಚಾಗಿ ಹೋಗುವ ದೇಶಗಳು. ಸಮಾಜಶಾಸ್ತ್ರಜ್ಞ ರಾಬರ್ಟ್ ವುತ್‌ನೋ 2009ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಅಮೆರಿಕದ ಚರ್ಚುಗಳಿಂದ ವರ್ಷಕ್ಕೆ ಸುಮಾರು 16 ಲಕ್ಷ ಜನ ಅಲ್ಪಾವಧಿ ಮಿಷನ್ ಪ್ರವಾಸಕ್ಕೆಂದು ಹೊರದೇಶಕ್ಕೆ ಹೋಗುತ್ತಿದ್ದರು. ಅವರೆಲ್ಲ ಕಟ್ಟಡ ಕಟ್ಟುವವರಲ್ಲ. ವೈದ್ಯಕೀಯ ಶಿಬಿರ, ಮಕ್ಕಳ ಬೈಬಲ್ ಶಾಲೆ, ಸುವಾರ್ತೆ ಸಾರುವುದು ಹೀಗೆ ಕೆಲಸ ಹಲವು. ಆದರೆ ಭಾಷೆ ಬಾರದವರಿಗೂ, ಬೋಧಿಸಲು ಅಳುಕುವವರಿಗೂ ಕೊಡಬಹುದಾದ ಕೆಲಸ ಕಟ್ಟಡದ್ದು. ಅದರ ಜನಪ್ರಿಯತೆಗೆ ಅರ್ಧ ಕಾರಣ ಇದೇ.

ಹಿನ್ನೆಲೆ

ಹತ್ತೊಂಬತ್ತನೆಯ ಶತಮಾನದ ಮಿಷನರಿಗಳೂ ಕಟ್ಟಡ ಕಟ್ಟಿದರು. ಆದರೆ ಅವರು ಬಂದದ್ದು ನೆಲೆಸಲು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಇದಕ್ಕೆ ನಮಗೆ ತೀರ ಹತ್ತಿರದ ಉದಾಹರಣೆ. ಮುಂದೆ ಅದೇ ಮಿಷನ್ನಿನಿಂದ ಬಂದ ಗಿಯೋರ್ಗ್ ಪ್ಲೆಬ್ಸ್ಟ್ ಯಂತ್ರಕೆಲಸ ಬಲ್ಲವನು. ಅವನು 1865ರಲ್ಲಿ ಶುರುಮಾಡಿದ ಹಂಚಿನ ಕಾರ್ಖಾನೆಯಿಂದಲೇ ಮಂಗಳೂರು ಹಂಚು ಹುಟ್ಟಿತು. ಚರ್ಚಿಗೂ ಶಾಲೆಗೂ ಬೇಕಾದ ಹಂಚು ಊರಲ್ಲೇ ಆಯಿತು, ಊರವರಿಗೆ ಕೆಲಸವೂ ಆಯಿತು. ಕ್ಯಾಥೊಲಿಕರಲ್ಲಿ, ಇಟಲಿಯ ಬೆರ್ಗಮೊ ಕಡೆಯ ಜೆಸ್ವಿಟ್ ಸಹೋದರ ಅಂತೋನಿಯೊ ಮೊಸ್ಕೆನಿ ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲಿನ ಗೋಡೆ, ಸೂರುಗಳಿಗೆ ಚಿತ್ರ ಬರೆಯಲು 1899ರಿಂದ 1901ರವರೆಗೆ ದುಡಿದ. ಅದು ಚಿಕ್ಕ ಅವಧಿ ಎನ್ನಬೇಕು. ಇಂದಿನ ಸ್ವಯಂಸೇವಕನ ಎರಡು ವಾರದ ಮುಂದೆ ಅದೂ ಒಂದು ಯುಗವೇ.

ಎರಡನೆಯ ಬೇರು ಯುರೋಪಿನ ಶ್ರಮಶಿಬಿರಗಳದು. ಮೊದಲ ಮಹಾಯುದ್ಧ ಮುಗಿದ ಮೇಲೆ, 1920ರಲ್ಲಿ, ಸ್ವಿಟ್ಜರ್ಲೆಂಡಿನ ಶಾಂತಿವಾದಿ ಪಿಯೆರ್ ಸೆರೆಸೋಲ್ ಕೆಲವು ದೇಶಗಳ ಜನರನ್ನು ಕರೆದುಕೊಂಡು ಫ್ರಾನ್ಸಿನ ವೆರ್ದನ್ ಬಳಿಯ ಎಸ್ನ್ ಎಂಬ ಹಾಳೂರಿಗೆ ಹೋದ. ಗುಂಪಿನಲ್ಲಿ ಜರ್ಮನರಿದ್ದರು. ಆ ನೆಲದಲ್ಲಿ ಅವರ ಇರವು ಫ್ರೆಂಚರಿಗೆ ಸಹಿಸಲಿಲ್ಲ. ಕೆಲವೇ ತಿಂಗಳಲ್ಲಿ ಶಿಬಿರ ಎತ್ತಬೇಕಾಯಿತು. ಸದುದ್ದೇಶದಿಂದ ಹೊರಟವರಿಗೆ ಸ್ಥಳದವರ ಒಪ್ಪಿಗೆ ಬೇರೆಯೇ ಬೇಕು ಎಂಬುದು ಮೊದಲ ಪ್ರಯೋಗದಲ್ಲೇ ಗೊತ್ತಾದ ವಿಷಯ. 1934ರ ಜನವರಿಯ ಬಿಹಾರ ಭೂಕಂಪದ ನಂತರ ಇದೇ ಸೆರೆಸೋಲ್ ತನ್ನ ಸಂಗಡಿಗರೊಂದಿಗೆ ಭಾರತಕ್ಕೂ ಬಂದು ಸಂತ್ರಸ್ತರಿಗೆ ಮನೆ ಕಟ್ಟುವ ಕೆಲಸದಲ್ಲಿ ತೊಡಗಿದ. ಇದು ಚರ್ಚಿನ ಕೆಲಸವಲ್ಲ. ಆದರೂ ಪರದೇಶಕ್ಕೆ ಹೋಗಿ, ಗುದ್ದಲಿ ಹಿಡಿದು, ಒಂದಷ್ಟು ಕಾಲ ದುಡಿದು ಮರಳುವ ಮಾದರಿಯನ್ನು ರೂಢಿಗೆ ತಂದವನು ಅವನೇ.

ಎರಡನೆಯ ಮಹಾಯುದ್ಧ ಈ ಮಾದರಿಗೆ ಇನ್ನೊಂದು ಅರ್ಥ ಕೊಟ್ಟಿತು. ಪಾದ್ರಿ ವೆರೆನ್‌ಫ್ರೀಡ್ ವಾನ್ ಸ್ಟ್ರಾಟೆನ್ 1953ರಲ್ಲಿ ಕಟ್ಟಿದ ‘ಬೌವೊರ್ಡೆ’ ಎಂಬ ಸಂಘ, ಜರ್ಮನಿಗೆ ಓಡಿಬಂದ ನಿರಾಶ್ರಿತರಿಗೆ ಮನೆ ಕಟ್ಟಲು ಯುವಕರನ್ನು ಕಳಿಸಿತು. 1958ರಲ್ಲಿ ಲೋಥರ್ ಕ್ರೈಸಿಗ್ ‘ಆಕ್ಟ್ಸಿಯೋನ್ ಜ್ಯೂನೆಟ್ಸೈಶೆನ್’ ಎಂಬ ಪ್ರಾಯಶ್ಚಿತ್ತದ ಚಳವಳಿ ಹೂಡಿದ. ನಾಜಿಗಳ ಕಾಲದಲ್ಲಿ ನ್ಯಾಯಾಧೀಶನಾಗಿದ್ದುಕೊಂಡೇ ರೋಗಿಗಳ, ಅಂಗವಿಕಲರ ಕೊಲೆಯನ್ನು ವಿರೋಧಿಸಿ ಹುದ್ದೆ ಕಳೆದುಕೊಂಡವನು ಅವನು. ಜರ್ಮನಿ ಹಾಳುಗೆಡವಿದ ನಾಡುಗಳಿಗೆ ಜರ್ಮನ್ ಯುವಕರು ಹೋಗಿ, ಕ್ಷಮೆ ಕೇಳುವ ಬಗೆಯಾಗಿ ಕಟ್ಟಿಕೊಡಬೇಕು ಎಂಬುದು ಅವನ ಕರೆ. ಈ ಯುವಕರು 1961ರಲ್ಲಿ ಇಂಗ್ಲೆಂಡಿನ ಕೊವೆಂಟ್ರಿಗೆ ಹೋಗಿ, ಬಾಂಬಿಗೆ ಉರುಳಿದ್ದ ಕ್ಯಾಥೀಡ್ರಲಿನ ಅವಶೇಷಗಳ ನಡುವೆ ತಿಂಗಳುಗಟ್ಟಲೆ ದುಡಿದರು. ಫ್ರಾನ್ಸಿನ ತೇಝೆಯಲ್ಲಿ ಅವರು ಕಟ್ಟಿದ ಸಂಧಾನದ ಚರ್ಚು 1962ರ ಆಗಸ್ಟಿನಲ್ಲಿ ತೆರೆಯಿತು. ಇಂದಿಗೂ ಬೇಸಿಗೆಯಲ್ಲಿ ಅಲ್ಲಿ ಸಾವಿರಾರು ಯುವಜನ ಸೇರುತ್ತಾರೆ. 1965ರಲ್ಲಿ ಕೊವೆಂಟ್ರಿಯ ಯುವಕರು ಸಾಲ ತೀರಿಸುವವರಂತೆ ಡ್ರೆಸ್ಡೆನ್ನಿಗೆ ಹೋಗಿ, ಮಿತ್ರಪಡೆಗಳ ಬಾಂಬಿಗೆ ಹಾಳಾಗಿದ್ದ ಆಸ್ಪತ್ರೆಯೊಂದನ್ನು ಎಬ್ಬಿಸಲು ನೆರವಾದರು. ಕಟ್ಟುವವನಿಗೆ ಕೊಡುಗೈಯ ಗರ್ವಕ್ಕೆ ಎಡೆಯಿಲ್ಲದ ಇಂಥ ಸಂದರ್ಭ ಈ ಇಡೀ ಚರಿತ್ರೆಯಲ್ಲಿ ಅಪರೂಪ. ಮುಂದೆ ಅಮೆರಿಕದಲ್ಲಿ ಬೆಳೆದ ಕವಲು ಹೀಗಿರಲಿಲ್ಲ.

ಅಮೆರಿಕದ ಕವಲು

ಜೆಟ್ ವಿಮಾನ, ಸಂಬಳ ಸಹಿತ ರಜೆ, ಉಪನಗರಗಳ ದೊಡ್ಡ ಸಭೆಗಳು ಈ ಮೂರೂ ಕೂಡಿಬಂದದ್ದು 1960ರ ದಶಕದಲ್ಲಿ. ಕಟ್ಟಡದ ಕೆಲಸವನ್ನೇ ಮುಖ್ಯವಾಗಿ ಹಿಡಿದ ಸಂಸ್ಥೆಗಳಲ್ಲಿ ಮರನಾಥ ವಾಲಂಟಿಯರ್ಸ್ ಇಂಟರ್‌ನ್ಯಾಷನಲ್ ಹೆಸರುವಾಸಿ. ಸೆವೆಂತ್ ಡೇ ಅಡ್ವೆಂಟಿಸ್ಟ್ ಪಂಥಕ್ಕೆ ಸೇರಿದ ಜಾನ್ ಫ್ರೀಮನ್ ಸ್ವಂತ ವಿಮಾನ ಹಾರಿಸುತ್ತಿದ್ದ ಗೆಳೆಯರನ್ನು ಕೂಡಿಸಿಕೊಂಡು 1969ರಲ್ಲಿ ಬಹಾಮಾ ದ್ವೀಪದ ಫ್ರೀಪೋರ್ಟಿಗೆ ಹಾರಿ, ಅಲ್ಲೊಂದು ಚರ್ಚು ಕಟ್ಟಿದ್ದೇ ಅದರ ಆರಂಭ. ಆಗಿನ ಹೆಸರು ‘ಮರನಾಥ ಫ್ಲೈಟ್ಸ್’. ಸಣ್ಣ ವಿಮಾನವುಳ್ಳ ಸ್ಥಿತಿವಂತರ ಹವ್ಯಾಸವಾಗಿ ಶುರುವಾದದ್ದು ಬರಬರುತ್ತಾ ನೌಕರದಾರರು, ನಿವೃತ್ತರು, ಸಂಸಾರವಂದಿಗರು ಸೇರುವ ದೊಡ್ಡ ಏರ್ಪಾಟಾಯಿತು. ಈಗ ಕ್ಯಾಲಿಫೋರ್ನಿಯಾದ ರೋಸ್‌ವಿಲ್ ಅದರ ಕೇಂದ್ರ. ಚರ್ಚಿನ ಜೊತೆಗೆ ಶಾಲಾ ಕೊಠಡಿ, ಕೊಳವೆಬಾವಿಗಳ ಕೆಲಸವನ್ನೂ ಅದು ಮಾಡುತ್ತದೆ. ಭಾರತದಲ್ಲೂ ಕಟ್ಟಡಗಳನ್ನು ಕಟ್ಟಿಸಿದೆ.

ನಜರೀನ್ ಚರ್ಚು 1974ರಲ್ಲಿ ‘ವರ್ಕ್ ಅಂಡ್ ವಿಟ್ನೆಸ್’ ಎಂಬ ಕಾರ್ಯಕ್ರಮ ಶುರುಮಾಡಿತು. ಮೆಥೊಡಿಸ್ಟರಿಗೂ ದಕ್ಷಿಣದ ಬ್ಯಾಪ್ಟಿಸ್ಟರಿಗೂ ಇಂಥವೇ ತಂಡಗಳಿವೆ. ಕ್ಯಾಲಿಫೋರ್ನಿಯಾದ ಸಭೆಗಳಿಗೆ ವಿಮಾನವೂ ಬೇಡ: 1980ರಲ್ಲಿ ಹುಟ್ಟಿದ ಅಮೋರ್ ಮಿನಿಸ್ಟ್ರೀಸ್ ಎಂಬ ಸಂಸ್ಥೆ ಹುಡುಗ ಹುಡುಗಿಯರನ್ನು ವ್ಯಾನುಗಳಲ್ಲಿ ಗಡಿ ದಾಟಿಸಿ ಮೆಕ್ಸಿಕೊದ ತಿಹುವಾನಾಕ್ಕೆ ಕರೆದೊಯ್ದು, ಕೆಲವೇ ದಿನಗಳಲ್ಲಿ ಬಡ ಕುಟುಂಬಕ್ಕೊಂದು ಪುಟ್ಟ ಮನೆ ಎಬ್ಬಿಸುತ್ತದೆ. ಮಿಲರ್ಡ್ ಫುಲ್ಲರ್ ಮತ್ತು ಲಿಂಡಾ ಫುಲ್ಲರ್ ದಂಪತಿ ಆಗಿನ ಝೈರ್ ದೇಶದಲ್ಲಿ ಮೂರು ವರ್ಷ ಮನೆ ಕಟ್ಟುವ ಕೆಲಸ ಮಾಡಿ ಬಂದು 1976ರಲ್ಲಿ ಸ್ಥಾಪಿಸಿದ ಹ್ಯಾಬಿಟಾಟ್ ಫಾರ್ ಹ್ಯುಮಾನಿಟಿ ಕೂಡ ಕ್ರೈಸ್ತ ಪ್ರೇರಣೆಯದೇ. ಆದರೆ ಅದು ಕಟ್ಟುವುದು ಮನೆ, ಚರ್ಚಲ್ಲ. ಮನೆ ಪಡೆಯುವವನೂ ಜೊತೆಗೆ ದುಡಿಯಬೇಕು, ಕಂತು ತೀರಿಸಬೇಕು. ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಈ ಸಂಸ್ಥೆಯ ಪರವಾಗಿ 2006ರಲ್ಲಿ ಮಹಾರಾಷ್ಟ್ರದ ಲೋನಾವಳಾ ಸಮೀಪ ನೂರು ಮನೆಗಳ ನಿರ್ಮಾಣಕ್ಕೆ ಬಂದು ಕೈಜೋಡಿಸಿದ್ದರು.

ಕಟ್ಟಡದ ಜಾಗದಲ್ಲಿ

ವಿಮಾನ ಇಳಿಯುವ ಹೊತ್ತಿಗೆ ಬಹುಪಾಲು ಕಷ್ಟದ ಕೆಲಸ ಮುಗಿದಿರುತ್ತದೆ. ಜಾಗದ ಪತ್ರ, ನಕ್ಷೆ, ಪುರಸಭೆಯ ಪರವಾನಗಿ ಎಲ್ಲ ಸ್ಥಳೀಯ ಸಭೆಯ ಜವಾಬ್ದಾರಿ. ಪಾಯ ತೆಗೆದು, ಕಬ್ಬಿಣ ಕಟ್ಟಿ, ನೆಲಕ್ಕೆ ಕಾಂಕ್ರೀಟ್ ಹಾಕಿಟ್ಟಿರುವವರು ಕೂಲಿ ಪಡೆಯುವ ಸ್ಥಳೀಯ ಕೆಲಸಗಾರರು. ಸ್ವಯಂಸೇವಕರ ಪಾಲಿಗೆ ಉಳಿಯುವುದು ಗೋಡೆ. ಅದಕ್ಕೂ ಕಾರಣವಿದೆ: ಗೋಡೆಯ ಕೆಲಸ ಹತ್ತು ಜನಕ್ಕೆ ಹಂಚಬಹುದು, ಎರಡು ವಾರದಲ್ಲಿ ಮುಗಿಸಬಹುದು, ದಿನದಿನಕ್ಕೂ ಮೇಲೇರುವುದು ಕಣ್ಣಿಗೆ ಕಾಣುತ್ತದೆ.

ಬೆಳಗಿನ ಪ್ರಾರ್ಥನೆ, ತಿಂಡಿ ಮುಗಿಸಿ ಏಳೂವರೆಯ ಸುಮಾರಿಗೆ ಕೆಲಸ ಶುರು. ಎಂಟು ಇಂಚು ಅಗಲದ ಟೊಳ್ಳು ಸಿಮೆಂಟ್ ಬ್ಲಾಕ್ ಒಂದೊಂದೂ ಹದಿನಾರು ಹದಿನೇಳು ಕಿಲೋ ತೂಗುತ್ತದೆ. ಹತ್ತು ಬ್ಲಾಕ್ ಎತ್ತುವಷ್ಟರಲ್ಲಿ ಕಂಪ್ಯೂಟರ್ ಮುಂದೆ ಕೂತು ದುಡಿದ ಬೆನ್ನಿಗೆ ತನ್ನ ಅಳತೆ ತಿಳಿಯುತ್ತದೆ. ಮೇಸ್ತ್ರಿ ಮೊದಲು ನಾಲ್ಕು ಮೂಲೆಗಳನ್ನು ತಾನೇ ಎಬ್ಬಿಸುತ್ತಾನೆ. ಮೂಲೆಯನ್ನು ಹೊಸಬರ ಕೈಗೆ ಅವನು ಕೊಡುವುದಿಲ್ಲ. ಮೂಲೆಯಿಂದ ಮೂಲೆಗೆ ದಾರ ಎಳೆದು ಕಟ್ಟಿದ ಮೇಲೆ, ದಾರಕ್ಕೆ ಸರಿಯಾಗಿ ನಡುವಿನ ಬ್ಲಾಕುಗಳನ್ನು ಕೂರಿಸುವುದು ಬಂದವರ ಕೆಲಸ. ಒಬ್ಬ ಕರಣೆಯಿಂದ ಸಿಮೆಂಟು ಹರಡುತ್ತಾನೆ, ಇನ್ನೊಬ್ಬ ಬ್ಲಾಕ್ ಇಡುತ್ತಾನೆ, ಮೂರನೆಯವನು ಸಂದು ತುಂಬುತ್ತಾನೆ. ಕಲಸುವವರು, ಬಾಂಡಲಿ ಹೊರುವವರು, ನೀರು ತರುವವರು ಬೇರೆ. ಹನ್ನೊಂದು ಗಂಟೆಗೆ ಮೇಸ್ತ್ರಿ ತೂಗುಗುಂಡು ಬಿಟ್ಟು ನೋಡುತ್ತಾನೆ. ಗೋಡೆ ಅರ್ಧ ಇಂಚು ಹೊರಗೆ ವಾಲಿದ್ದರೆ ಅವನು ಮಾತಾಡುವುದಿಲ್ಲ. ಎರಡು ವರಸೆ ಬಿಚ್ಚಿ, ಅಂಟಿದ ಸಿಮೆಂಟು ಕೆರೆದು, ಮತ್ತೆ ಕೂರಿಸುತ್ತಾನೆ. ಕೆಲವೊಮ್ಮೆ ಇದು ನಡೆಯುವುದು ಸಂಜೆ, ಅತಿಥಿಗಳು ಸ್ನಾನಕ್ಕೆ ಹೋದ ಮೇಲೆ. ಮರುದಿನ ಬಂದವರಿಗೆ ಗೋಡೆ ನೆಟ್ಟಗೆ ಕಾಣುತ್ತದೆ.

ಸಿಮೆಂಟಿಗೆ ರಜೆಯ ಲೆಕ್ಕ ತಿಳಿಯದು. ಕಾಂಕ್ರೀಟು ಏಳು ದಿನಕ್ಕೆ ಮೂರರಲ್ಲಿ ಎರಡು ಪಾಲಿನಷ್ಟು ಗಟ್ಟಿಯಾಗಿ, ಲೆಕ್ಕಕ್ಕೆ ಹಿಡಿಯುವ ಪೂರ್ಣ ಬಲಕ್ಕೆ ಬರಲು 28 ದಿನ ಬೇಕು. ಅಷ್ಟರಲ್ಲಿ ತಂಡ ಊರು ಸೇರಿ ಎರಡು ವಾರವಾಗಿರುತ್ತದೆ. ಕಾಲಂ, ಲಿಂಟಲ್‌ಗಳಿಗೆ ಬೆಳಿಗ್ಗೆ ಸಂಜೆ ನೀರು ಹೊಡೆಯುವುದು, ಸೆಂಟ್ರಿಂಗ್ ಬಿಚ್ಚುವುದು, ಚಾವಣಿ ಏರಿಸುವುದು, ಪ್ಲಾಸ್ಟರಿಂಗ್, ವೈರಿಂಗ್ ಎಲ್ಲ ಉಳಿದವರ ಪಾಲು. ಸ್ವಯಂಸೇವಕರು ಹೋದ ಮೇಲೆ ದುಡ್ಡು ನಿಂತರೆ ಸೂರಿಲ್ಲದ ಗೋಡೆಗಳು ಮಳೆಗೆ ನೆನೆಯುತ್ತ ನಿಲ್ಲುತ್ತವೆ. ಹಾಗಾಗದಂತೆ ಮೊದಲೇ ಪೂರ್ತಿ ಹಣ ಕೂಡಿಟ್ಟು, ಸಂಬಳದ ಕೆಲಸಗಾರರನ್ನು ವರ್ಷವಿಡೀ ಇಟ್ಟುಕೊಳ್ಳುವ ಸಂಸ್ಥೆಗಳಷ್ಟೇ ಕೆಲಸ ಮುಗಿಸುತ್ತವೆ.

ಈ ತೊಡಕಿಗೆ ಯಂತ್ರಯುಗದ ಒಂದು ಪರಿಹಾರವೂ ಬಂದಿದೆ. ಕಾಂಕ್ರೀಟ್ ಲಾರಿಗಳ ಉದ್ಯಮದಲ್ಲಿ ಹೆಸರಾದ ಮಿನೆಸೋಟದ ಗಾರ್ವಿನ್ ಮೆಕ್‌ನೀಲಸ್ ‘ಒನ್ ಡೇ ಚರ್ಚ್’ ಎಂಬ ಉಕ್ಕಿನ ಚೌಕಟ್ಟನ್ನು ರೂಪಿಸಿದರು. ಮರನಾಥ 2000ರ ದಶಕದ ಕೊನೆಯಿಂದ ಅದನ್ನು ಬಳಸುತ್ತಿದೆ. ಸತು ಲೇಪಿಸಿದ ಕಂಬ, ತೊಲೆ, ಚಾವಣಿಯ ತಗಡುಗಳನ್ನು ಲಾರಿಯಲ್ಲಿ ತಂದು ನಟ್ಟು ಬೋಲ್ಟು ಬಿಗಿದರೆ ಒಂದೇ ದಿನದಲ್ಲಿ ಸೂರು ನಿಲ್ಲುತ್ತದೆ. ಗೋಡೆಯನ್ನು ಊರವರು ಸಿಕ್ಕಿದ್ದರಲ್ಲಿ ಕಟ್ಟಿಕೊಳ್ಳುತ್ತಾರೆ: ಮಣ್ಣಿನ ಇಟ್ಟಿಗೆ, ಬ್ಲಾಕು, ಮರ, ಏನಾದರೂ ಸರಿ. ಹೊರಗಿನವರು ಗೋಡೆ ಕಟ್ಟಿ ಹೋಗುವ, ಸೂರಿಗೆ ಊರವರು ಪರದಾಡುವ ಹಳೆಯ ಕ್ರಮ ಇಲ್ಲಿ ತಲೆಕೆಳಗಾಗಿದೆ. ಎಲ್ಲೆಡೆ ಒಂದೇ ಅಚ್ಚಿನ ತಗಡಿನ ಶೆಡ್ಡುಗಳು ಕಾಣಿಸುತ್ತವೆ ಎಂದು ಗೊಣಗಬಹುದು. ಆದರೆ ಮರದ ನೆರಳಲ್ಲಿ ಕೂಡುತ್ತಿದ್ದ ಸಭೆಗೆ ಮಳೆಗಾಲದಲ್ಲಿ ಮೊದಲು ಬೇಕಾದದ್ದು ಸೂರೇ.

ವೆಚ್ಚ ಮತ್ತು ವಿಮರ್ಶೆ

ಈ ಪದ್ಧತಿಯ ಮೇಲೆ ಮೊದಲ ದೊಡ್ಡ ಏಟು ಬಿದ್ದದ್ದು ಚರ್ಚಿನ ಒಳಗಿನಿಂದಲೇ. ಆಗ ಕ್ಯಾಥೊಲಿಕ್ ಪಾದ್ರಿಯಾಗಿದ್ದ ಚಿಂತಕ ಇವಾನ್ ಇಲಿಚ್ 1968ರ ಏಪ್ರಿಲಿನಲ್ಲಿ ಮೆಕ್ಸಿಕೊಗೆ ಬೇಸಿಗೆ ಸೇವೆಗೆ ಹೊರಟಿದ್ದ ಅಮೆರಿಕದ ವಿದ್ಯಾರ್ಥಿಗಳ ಸಭೆಯಲ್ಲಿ ಮಾತಾಡಲು ನಿಂತು, ಅವರ ಸದುದ್ದೇಶವನ್ನೇ ಜಾಡಿಸಿದ. ನೋಡಲು ಬನ್ನಿ, ಕಲಿಯಲು ಬನ್ನಿ, ನೆರವಾಗಲು ಮಾತ್ರ ಬರಬೇಡಿ ಎಂಬುದು ಅವನ ಮಾತಿನ ತಿರುಳು. ಕರೆದವರ ಮುಂದೆಯೇ ಹೀಗೆ ಹೇಳಲು ಎದೆಗಾರಿಕೆ ಬೇಕು.

ಲೆಕ್ಕದ ಏಟು ಬಿದ್ದದ್ದು ಹೊಂಡುರಾಸಿನಿಂದ. 1998ರ ಮಿಚ್ ಚಂಡಮಾರುತದ ನಂತರ ಉತ್ತರ ಅಮೆರಿಕದ ತಂಡಗಳು ಅಲ್ಲಿ ಮನೆಗಳನ್ನು ಕಟ್ಟಿದವು. ಸ್ಥಳೀಯ ಕ್ರೈಸ್ತ ಸಂಸ್ಥೆಗಳೂ ಕಟ್ಟಿದವು. ಆ ದೇಶದಲ್ಲೇ ನೆಲೆಸಿದ್ದ ಸಮಾಜಶಾಸ್ತ್ರಜ್ಞ ಕರ್ಟ್ ವರ್ ಬೀಕ್ ಎರಡೂ ಬಗೆಯ ಮನೆಗಳವರನ್ನು ಮಾತಾಡಿಸಿ 2006ರಲ್ಲಿ ಅಧ್ಯಯನ ಪ್ರಕಟಿಸಿದ. ಮನೆ ಕಟ್ಟಿದ್ದು ಪರದೇಶಿಗಳೋ ಊರವರೋ ಎಂಬುದರಿಂದ ಆ ಕುಟುಂಬಗಳ ಬದುಕಿನಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ವೆಚ್ಚದಲ್ಲಿ ಮಾತ್ರ ಅಜಗಜಾಂತರ: ಒಂದು ಮನೆಗೆ ಸುಮಾರು 2,000 ಡಾಲರ್ ಸಾಕಾಗುವಲ್ಲಿ, ಒಂದೊಂದು ತಂಡ ಪ್ರಯಾಣವೂ ಸೇರಿ ಸುಮಾರು 30,000 ಡಾಲರ್ ಸುರಿದಿತ್ತು. ಪ್ರವಾಸದಿಂದ ತಮ್ಮ ಬದುಕೇ ಬದಲಾಯಿತು, ಇನ್ನು ಮುಂದೆ ಹೆಚ್ಚು ದಾನ ಕೊಡುತ್ತೇವೆ ಎಂದ ಸ್ವಯಂಸೇವಕರ ಮಾತಿಗೂ, ಆಮೇಲೆ ಅವರು ನಿಜವಾಗಿ ಕೊಟ್ಟದ್ದರ ದಾಖಲೆಗೂ ತಾಳೆಯಾಗಲಿಲ್ಲ.

ಅಟ್ಲಾಂಟದ ಸಮುದಾಯ ಕಾರ್ಯಕರ್ತ ರಾಬರ್ಟ್ ಲಪ್ಟನ್ ತನ್ನ 2011ರ ಪುಸ್ತಕದಲ್ಲಿ ಕೊಡುವ ಉದಾಹರಣೆಗಳು ಇನ್ನೂ ಕಹಿ. ಮೆಕ್ಸಿಕೊದ ಒಂದು ಚರ್ಚಿಗೆ ಒಂದೇ ಬೇಸಿಗೆಯಲ್ಲಿ ಆರು ತಂಡಗಳು ಬಂದು ಆರು ಸಲ ಬಣ್ಣ ಹೊಡೆದವಂತೆ. ಈಕ್ವೆಡಾರಿನಲ್ಲಿ ಸ್ವಯಂಸೇವಕರು ಕಟ್ಟಿದ ಚರ್ಚು ಚರ್ಚಾಗಿ ಬಳಕೆಗೇ ಬರಲಿಲ್ಲ. ಆ ಊರಿಗೆ ಅದರ ಅಗತ್ಯವೇ ಇರಲಿಲ್ಲ. ಹಾಗಾದರೆ ಊರವರು ಬೇಡವೆನ್ನಬಹುದಿತ್ತಲ್ಲ ಎಂದರೆ, ಬಣ್ಣದ ಡಬ್ಬಿ ಹಿಡಿದು ಬಂದವರು ಹೋಗುವಾಗ ಪಾದ್ರಿಯ ಕೈಗೆ ಕಾಣಿಕೆ ಇಟ್ಟು ಹೋಗುವವರು, ಮುಂದಿನ ವರ್ಷ ಮಕ್ಕಳ ಶಾಲಾ ಶುಲ್ಕ ಕಳಿಸುವವರು. ಮನೆಗೆ ಬಂದ ನೆಂಟ ಮಾಡಿದ ಅಡುಗೆಗೆ ಉಪ್ಪು ಹೆಚ್ಚಾಯಿತೆಂದು ಯಾರೂ ಹೇಳುವುದಿಲ್ಲ.

ಬಯ್ಯುವುದು ಸುಲಭ, ಆದರೆ ಎಲ್ಲ ಅಧ್ಯಯನಗಳೂ ಒಂದೇ ರಾಗ ಹಾಡಿಲ್ಲ. ಮಾನವಶಾಸ್ತ್ರಜ್ಞ ರಾಬರ್ಟ್ ಪ್ರೀಸ್ಟ್ ಪೆರುವಿನ ಲೀಮಾದಲ್ಲಿ ನಡೆಸಿದ ಸಂಶೋಧನೆಯಲ್ಲಿ, ಅಲ್ಪಸಂಖ್ಯಾತ ಪ್ರಾಟೆಸ್ಟೆಂಟ್ ಸಭೆಗಳು ಹೊರದೇಶದ ತಂಡದ ಭೇಟಿಯನ್ನು ಜಾಣತನದಿಂದ ಬಳಸಿಕೊಂಡದ್ದು ಕಂಡುಬಂತು: ಅದುವರೆಗೆ ಒಳಗೆ ಬಿಡದಿದ್ದ ಶಾಲೆ, ಸರ್ಕಾರಿ ಕಚೇರಿಗಳ ಬಾಗಿಲು ಅತಿಥಿಗಳ ನೆಪದಲ್ಲಿ ತೆರೆದವು. ಮಾನವಶಾಸ್ತ್ರಜ್ಞ ಬ್ರಯನ್ ಹೊವೆಲ್ ಡೊಮಿನಿಕನ್ ರಿಪಬ್ಲಿಕಿಗೆ ಹೋದ ಹೈಸ್ಕೂಲ್ ಮಕ್ಕಳ ತಂಡವೊಂದರ ಜೊತೆಗಿದ್ದು ಬರೆದ 2012ರ ಕೃತಿ ಬೇರೊಂದು ಕಡೆ ಬೆರಳಿಡುತ್ತದೆ. ಮರಳಿ ಬಂದ ಭಾನುವಾರ ಮಕ್ಕಳು ಸಭೆಯ ಮುಂದೆ ಹೇಳುವ ಸಾಕ್ಷಿ, ಅಂದರೆ ಅಲ್ಲಿನವರು ಬಡವರಾದರೂ ಎಷ್ಟು ಸಂತೋಷವಾಗಿದ್ದಾರೆ ಎಂಬ ಕಥೆ, ಹೊರಡುವ ಮುಂಚಿನ ತಯಾರಿ ಸಭೆಗಳಲ್ಲೇ ಅಚ್ಚಾಗಿರುತ್ತದೆ. ಆ ಬಡತನ ಯಾಕಿದೆ ಎಂಬ ಪ್ರಶ್ನೆಗೆ ಆ ಅಚ್ಚಿನಲ್ಲಿ ಜಾಗವಿಲ್ಲ.

ಈ ಅಧ್ಯಯನಗಳಿಗೂ ಮುಂಚೆಯೇ, 2003ರಲ್ಲಿ, ಅಮೆರಿಕದ ಕೆಲವು ಸಂಸ್ಥೆಗಳು ಏಳು ಅಂಶಗಳ ಗುಣಮಟ್ಟದ ಸಂಹಿತೆಯೊಂದನ್ನು ಒಪ್ಪಿಕೊಂಡವು. ಯೋಜನೆ ರೂಪಿಸುವಲ್ಲಿ ಸ್ಥಳೀಯರ ಪಾಲು, ಹಣದ ವಿಷಯದಲ್ಲಿ ಪ್ರಾಮಾಣಿಕತೆ, ಹೊರಡುವ ಮುಂಚೆ ತರಬೇತಿ, ಬಂದ ಮೇಲೆ ಪರಾಮರ್ಶೆ ಇತ್ಯಾದಿ ಅದರಲ್ಲಿವೆ. ಒಪ್ಪುವುದು ಬಿಡುವುದು ಅವರವರ ಇಷ್ಟ. ಇದಕ್ಕಿಂತ ಗಟ್ಟಿಯಾದ ಕಟ್ಟು ತೆರಿಗೆ ಕಾನೂನಿನಲ್ಲಿದೆ ಎನ್ನಬಹುದು: ಅಮೆರಿಕದಲ್ಲಿ ಸ್ವಯಂಸೇವಕ ತನ್ನ ಪ್ರಯಾಣದ ಖರ್ಚನ್ನು ದಾನದ ಲೆಕ್ಕದಲ್ಲಿ ತೋರಿಸಬೇಕಾದರೆ, ಆ ಪ್ರಯಾಣದಲ್ಲಿ ವಿಹಾರದ ಪಾಲು ಗಣನೀಯವಾಗಿ ಇರಕೂಡದು. ಕೊನೆಯ ಎರಡು ದಿನ ಕಡಲತೀರದಲ್ಲಿ ಕಳೆಯುವ ರೂಢಿಯಿರುವ ತಂಡಗಳಿಗೆ ಇದು ತುಸು ಇಕ್ಕಟ್ಟಿನ ನಿಯಮ.

ಅಪಾಯ, ಪರವಾನಗಿ

ಏಣಿ, ಸಾರುವೆಗಳಿಂದ ಬೀಳುವುದು, ಬಿಸಿಲಿನ ಹೊಡೆತ, ಹೊಟ್ಟೆಯ ತೊಂದರೆ ದಿನನಿತ್ಯದ ಅಪಾಯಗಳು. ಧನುರ್ವಾಯುವಿನ ಚುಚ್ಚುಮದ್ದು, ಪ್ರದೇಶಕ್ಕೆ ತಕ್ಕಂತೆ ಟೈಫಾಯ್ಡ್, ಹಳದಿ ಜ್ವರದ ಲಸಿಕೆ, ಮಲೇರಿಯಾ ಮಾತ್ರೆ, ವಿಮೆ ಇಲ್ಲದೆ ಒಳ್ಳೆಯ ಸಂಸ್ಥೆಗಳು ಯಾರನ್ನೂ ಕರೆದೊಯ್ಯುವುದಿಲ್ಲ. 2007ರ ಜುಲೈಯಲ್ಲಿ ಅಫ್ಘಾನಿಸ್ತಾನಕ್ಕೆ ಹೋಗಿದ್ದ ದಕ್ಷಿಣ ಕೊರಿಯಾದ ಚರ್ಚೊಂದರ 23 ಸ್ವಯಂಸೇವಕರನ್ನು ತಾಲಿಬಾನ್ ಸೆರೆಹಿಡಿದು ಇಬ್ಬರನ್ನು ಕೊಂದಿತು. ಅವರು ಕಟ್ಟಡದ ಕೆಲಸಕ್ಕೆ ಹೋದವರಲ್ಲ. ಆದರೂ ಆ ಘಟನೆ ಕೊರಿಯಾದಲ್ಲಿ ಇಂಥ ಎಲ್ಲ ಪ್ರವಾಸಗಳನ್ನೂ ಪ್ರಶ್ನೆಗೊಡ್ಡಿತು.

ಭಾರತದ ನಿಯಮಗಳು ಬಿಗಿ. ಪ್ರವಾಸಿ ವೀಸಾದಲ್ಲಿ ಬಂದವರು ಧರ್ಮಪ್ರಚಾರ ಮಾಡುವಂತಿಲ್ಲ. ಅದಕ್ಕೆ ಪ್ರತ್ಯೇಕ ಮಿಷನರಿ ವೀಸಾ ಉಂಟು. ಸಂಭಾವನೆಯಿಲ್ಲದ ಸ್ವಯಂಸೇವೆಗೆ ಇ-ಪ್ರವಾಸಿ ವೀಸಾದಲ್ಲಿ ಒಂದು ತಿಂಗಳ ಮಿತಿಯಲ್ಲಿ ಅವಕಾಶವಿದೆ. ಚರ್ಚಿನ ಗೋಡೆ ಕಟ್ಟುವುದು ಸ್ವಯಂಸೇವೆಯೋ ಧರ್ಮಪ್ರಚಾರವೋ ಎಂಬುದನ್ನು ಅಧಿಕಾರಿ ಹೇಗೆ ನೋಡುತ್ತಾನೋ ಹಾಗೆ. ಹೊರದೇಶದ ದೇಣಿಗೆ 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯಿದೆಯಡಿ ನೋಂದಾಯಿತವಾದ ಅಥವಾ ಪೂರ್ವಾನುಮತಿ ಪಡೆದ ಸಂಸ್ಥೆಗಳಿಗೆ ಮಾತ್ರ ಬರಬಹುದು. ಕಾಯಿದೆ ಒಪ್ಪುವ ಉದ್ದೇಶಗಳಲ್ಲಿ ಧಾರ್ಮಿಕ ಉದ್ದೇಶವೂ ಒಂದು. 2020ರ ತಿದ್ದುಪಡಿಯ ನಂತರ ಆ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೇ ಬೀಳಬೇಕು, ಒಂದು ಸಂಸ್ಥೆ ಪಡೆದದ್ದನ್ನು ಇನ್ನೊಂದಕ್ಕೆ ದಾಟಿಸುವಂತಿಲ್ಲ, ಆಡಳಿತ ವೆಚ್ಚ ಶೇ. 20 ಮೀರುವಂತಿಲ್ಲ. ಹೀಗಾಗಿ ಇಲ್ಲಿ ಜನ ಬರುವುದಕ್ಕಿಂತ ಹಣ ಬರುವ ದಾರಿಯೇ, ಇಕ್ಕಟ್ಟಾದರೂ, ಹೆಚ್ಚು ಸ್ಪಷ್ಟ. ಹಣ ಬಂದಲ್ಲಿ ಕೆಲಸ ಗುತ್ತಿಗೆಗೆ ಹೋಗುತ್ತದೆ. ಪಾಯದಿಂದ ಶಿಲುಬೆಯವರೆಗೆ ಕಟ್ಟುವವರು ಊರಿನ ಮೇಸ್ತ್ರಿ ಮತ್ತು ಅವನ ಕಡೆಯ ಆಳುಗಳು, ದಿನಗೂಲಿಯ ಮೇಲೆ.